ಐದನೆಯ ಅರ್ಥಕ್ಕೆ ನಲವತ್ತೊಂದು ಚೀಟಿ

ನಿಘಂಟು ಕಚೇರಿಯ ಎರಡನೆಯ ಮಹಡಿಯಲ್ಲಿ ಆಕೆಯನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ಮೇಜಿನ ಮೇಲೆ ಪೆನ್ಸಿಲುಗಳು ಗಿಡ್ಡದರಿಂದ ಉದ್ದದವರೆಗೆ ಸಾಲಾಗಿ ಮಲಗಿರುತ್ತಿದ್ದವು. ಬಾಗಿಲ ಮೂಲೆಯಲ್ಲಿ ಆಕೆ ನಿಲ್ಲಿಸಿದ ಕೊಡೆ ಕೂಡ ಹಾಜರಿ ಹೇಳಲು ಕಾದ ಸಿಪಾಯಿಯಂತೆ ಕಾಣುತ್ತಿತ್ತು. ಹಾದುಹೋಗುವವರ ಮೊಣಕೈ ತಾಗಿ ಒಂದು ಕಾಗದ ಓರೆಯಾದರೂ ಆಕೆ ಏನೂ ಅನ್ನುತ್ತಿರಲಿಲ್ಲ. ತೋರುಬೆರಳಿನಿಂದ ಅದನ್ನು ಮೆಲ್ಲನೆ ಗೆರೆಗೆ ತಳ್ಳಿ, ತಾಗಿಸಿದವರ ಮುಖವನ್ನೊಮ್ಮೆ ನೋಡುತ್ತಿದ್ದಳು. ಆ ನೋಟಕ್ಕಿಂತ ನಾಲ್ಕು ಬೈಗುಳವೇ ವಾಸಿ ಎಂದು ಪಕ್ಕದ ಕೋಣೆಯವರು ನಗುತ್ತಿದ್ದರು.

ಈ ಅಚ್ಚುಕಟ್ಟು ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ ಗಂಡ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಸಮಾಧಾನ ಹೇಳಲು ಬಂದ ನೆಂಟರು ವಾರವಿಡೀ ಮನೆಯಲ್ಲಿ ಓಡಾಡಿ, ಒಂದೂ ವಸ್ತುವನ್ನು ಅದರ ಜಾಗದಲ್ಲಿ ಬಿಡದೆ ಹೊರಟುಹೋದರು. ಅವರು ಹೋದ ಮರುದಿನ ಕತ್ತರಿಗಾಗಿ ಹುಡುಕಿ ಹುಡುಕಿ ಸೋತು, ಅಡುಗೆಮನೆಯ ನೆಲದ ಮೇಲೆ ಕುಳಿತು ಆಕೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಎದ್ದವಳು ಮನೆಯನ್ನೆಲ್ಲ ಜೋಡಿಸಿದಳು. ಜೋಡಿಸಿದ್ದು ಜೋಡಿಸಿದಂತೆ ಇದ್ದರೆ ಬದುಕು ಇನ್ನೊಮ್ಮೆ ಕಾಲು ಜಾರುವುದಿಲ್ಲವೆಂಬ ನಂಬಿಕೆ ಅಂದು ಹುಟ್ಟಿದ್ದು ಮತ್ತೆ ಹೋಗಲಿಲ್ಲ. ಅದೇ ವರ್ಷ ಈ ಕೆಲಸ ಸಿಕ್ಕಿತು. ಮಗಳಿಗೆ ಆಗ ಏಳು ವರ್ಷ.

ಕಚೇರಿ ಮಾಡುತ್ತಿದ್ದದ್ದು ನಮ್ಮ ಮಾತಿನೊಳಗೆ ಬಂದು ಕಾಲು ಚಾಚಿ ಕುಳಿತುಬಿಟ್ಟ ಇಂಗ್ಲಿಷ್ ಪದಗಳ ಕೋಶ. ಇಂಗ್ಲಿಷರು ಆ ಪದವನ್ನು ಯಾವ ಅರ್ಥದಲ್ಲಿ ಆಡುತ್ತಾರೆಂಬುದು ಇಲ್ಲಿ ಯಾರಿಗೂ ಬೇಕಿರಲಿಲ್ಲ. ನಮ್ಮವರು ನಮ್ಮ ವಾಕ್ಯದೊಳಗೆ ಅದನ್ನಿಟ್ಟು ಏನು ಹೇಳುತ್ತಾರೆಂಬುದೇ ಮುಖ್ಯ. ಆದ್ದರಿಂದ ಉದಾಹರಣೆಯನ್ನು ಕಟ್ಟುವಂತಿರಲಿಲ್ಲ, ಕಿವಿಯಾರೆ ಕೇಳಿರಬೇಕಿತ್ತು. ಪ್ರತಿಯೊಬ್ಬ ನೌಕರನೂ ದಿನಕ್ಕೆ ಐದು ಚೀಟಿ ಕೊಡಬೇಕು. ಚೀಟಿಯ ಮೇಲೆ ಪದ, ಕೇಳಿದ ವಾಕ್ಯ, ಸಂದರ್ಭ, ದನಿ, ಆಡಿದವರ ಸಂಖ್ಯೆ. ಆಡಿದವರನ್ನು ಕಚೇರಿಯಲ್ಲಿ ‘ಬಾಯಿ’ ಎನ್ನುತ್ತಿದ್ದರು, ಕೇಳಿ ಬರೆದವರನ್ನು ‘ಕಿವಿ’. ಒಂದು ಅರ್ಥ ಕೋಶ ಸೇರಬೇಕಾದರೆ ಕನಿಷ್ಠ ಮೂರು ಬಾಯಿಗಳಿಂದ ಬಂದಿರಬೇಕು. ಬಾಯಿಯ ಹೆಸರನ್ನು ಎಲ್ಲೂ ಬರೆಯಕೂಡದು. ವರ್ಷಕ್ಕೊಂದರಂತೆ ಹೊಸ ರಿಜಿಸ್ಟರು ತೆರೆದು, ಆ ವರ್ಷದ ಬಾಯಿಗಳಿಗೆಲ್ಲ ಹೊಸದಾಗಿ ಸಂಖ್ಯೆ ಕೊಟ್ಟು, ಎದುರಿಗೆ ವಯಸ್ಸು, ಕೆಲಸ, ಸಂಸಾರ, ಎಲ್ಲಿ ಕೇಳಿದ್ದು ಇಷ್ಟನ್ನು ಮಾತ್ರ ಗುರುತು ಹಾಕುತ್ತಿದ್ದರು. ಯಾರ ಮಾತು ಯಾರದೆಂದು ತಿಳಿಯದಿರಲಿ ಎಂಬ ಮರ್ಯಾದೆಯ ಏರ್ಪಾಡು ಅದು.

ಎ ಅಕ್ಷರದಿಂದ ಹೊರಟ ಕೋಶ ಎಂ ಅಕ್ಷರವನ್ನು ಮುಟ್ಟುವಷ್ಟರಲ್ಲಿ ಗೆರೆಯಕ್ಕನಿಗೆ ಐವತ್ತೈದಾಗಿತ್ತು. ಆ ಸೋಮವಾರ ಆಕೆಯ ಪಾಲಿಗೆ ಬಂದ ಪದ ‘ಮೆಸ್ಸಿ’. ಈ ಪದ ನಿಮಗಾಗಿಯೇ ಇಷ್ಟು ವರ್ಷ ಕಾದಿತ್ತು ನೋಡಿ ಎಂದು ಪಕ್ಕದ ಕೋಣೆಯವರು ಬಾಗಿಲಲ್ಲೇ ನಿಂತು ಕಿಚಾಯಿಸಿದರು. ಆಕೆಯೂ ನಕ್ಕು, ಇನ್ನೂರು ಚೀಟಿಗಳ ಪೆಟ್ಟಿಗೆಯನ್ನು ಮುಂದಕ್ಕೆಳೆದುಕೊಂಡಳು.

ಮೊದಲ ನಾಲ್ಕು ಅರ್ಥ ಸಲೀಸಾಗಿ ಬಿಡಿಸಿಕೊಂಡವು. ಕೋಣೆ, ಮೇಜು, ಕಪಾಟು ಮೆಸ್ಸಿಯಾಗಿದೆ ಎಂದರೆ ಚೆಲ್ಲಾಪಿಲ್ಲಿಯಾಗಿದೆ. ‘ಕೈಯೆಲ್ಲ ಮೆಸ್ಸಿ, ಫೋನ್ ನೀವೇ ಎತ್ತಿ’ ಎಂದ ಮೆಕ್ಯಾನಿಕ್ಕಿನ ಮಾತಿನಲ್ಲಿ ಅದು ಮೆತ್ತಿಕೊಂಡ ಜಿಡ್ಡು. ‘ಆ ಡೈವೋರ್ಸ್ ತುಂಬ ಮೆಸ್ಸಿ, ನಡುವೆ ಹೋಗ್ಬೇಡ’ ಎಂದು ವಕೀಲನೊಬ್ಬ ತನ್ನ ಜೊತೆಗಾರನಿಗೆ ಹೇಳಿದ್ದರಲ್ಲಿ ಅದು ಗೋಜಲು, ಬಿಡಿಸಹೋದಷ್ಟೂ ಸಿಕ್ಕಾಗುವಂಥದು. ನಾಲ್ಕನೆಯದಕ್ಕೆ ಆಕೆ ಹುಬ್ಬೇರಿಸಿದಳು: ಕೂದಲನ್ನು ಸ್ವಲ್ಪ ಮೆಸ್ಸಿಯಾಗಿಯೇ ಬಿಡಿ ಎಂದು ಕ್ಷೌರಿಕನನ್ನು ಜನ ಕಾಸು ಕೊಟ್ಟು ಕೇಳಿಕೊಳ್ಳುತ್ತಾರಂತೆ. ಇಲ್ಲಿ ಅದು ಬೇಕೆಂದೇ ಕೆದರಿದ್ದು, ಬೈಗುಳವಲ್ಲ, ಹೊಗಳಿಕೆ.

ಐದನೆಯ ಕಟ್ಟು ಬಿಚ್ಚಿದಾಗ ಆಕೆಗೆ ನಿಧಿ ಸಿಕ್ಕಂತಾಯಿತು. ಇವು ವಸ್ತುವಿನ ಬಗ್ಗೆ ಆಡಿದ ಮಾತಾಗಿರಲಿಲ್ಲ, ಮನುಷ್ಯರ ಬಗ್ಗೆ. ಅದೂ ಗಲೀಜಾಗಿರುವವರು ಎಂಬ ಮೇಲುಮೇಲಿನ ಅರ್ಥವಲ್ಲ. ‘ಬ್ಯಾಗ್ ಅಲ್ಲ, ನೀನೇ ಮೆಸ್ಸಿ.’ ‘ಕೆಲವರು ಹುಟ್ಟೋದೇ ಮೆಸ್ಸಿಯಾಗಿ, ತಿದ್ದೋಕಾಗಲ್ಲ.’ ‘ಮೆಸ್ಸಿ ಹುಡುಗಿ ಪಕ್ಕ ಯಾರು ಕೂತ್ಕೋತಾರೆ?’ ಅಡಿಪಾಯವೇ ಓರೆಯಾದ, ಎಷ್ಟು ತಿದ್ದಿದರೂ ನೆಟ್ಟಗಾಗದ ವ್ಯಕ್ತಿ ಎಂಬ ಅರ್ಥ. ಬೇರೆ ಯಾವ ಕೋಶದಲ್ಲೂ ಆಕೆ ಇದನ್ನು ಕಂಡಿರಲಿಲ್ಲ. ಎಣಿಸಿದಳು: ನಲವತ್ತೊಂದು ಚೀಟಿ, ಹನ್ನೊಂದು ವರ್ಷ, ಹನ್ನೊಂದು ಬೇರೆ ಬೇರೆ ಸಂಖ್ಯೆ. ಎಲ್ಲವೂ ಅಮ್ಮಂದಿರು ಮಕ್ಕಳಿಗೆ ಆಡಿದ್ದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಕೆ ಜೊತೆಯವರಿಗೆ ಎರಡು ಚೀಟಿ ಓದಿ ತೋರಿಸಿ, ಎಂಥ ಹೆಂಗಸರಪ್ಪ ಇವರು, ಕರುಳು ಅನ್ನೋದು ಇದೆಯೋ ಇಲ್ಲವೋ ಎಂದು ತಲೆಯಾಡಿಸಿದಳು. ಕೇಳಿದವರೂ ಹೌದೌದು ಎಂದು ಲೊಚಗುಟ್ಟಿದರು.

ಗುರುವಾರ ಸಂಪಾದಕರ ಮುಂದೆ ಐದನೆಯ ಅರ್ಥವನ್ನು ಮಂಡಿಸಿದಳು. ಸಂಪಾದಕರು ಹತ್ತಿಯಲ್ಲಿಟ್ಟಂತೆ ಮಾತನಾಡುವ, ಫ್ಲಾಸ್ಕಿನ ಬಿಸಿನೀರನ್ನು ಮುಚ್ಚಳಕ್ಕೆ ಬಗ್ಗಿಸಿ ಗುಟುಕರಿಸುವ ಮನುಷ್ಯ. ಎಂದಿನಂತೆ ಎಷ್ಟು ಬಾಯಿ ಎಂದು ಕೇಳಿದರು. ಹನ್ನೊಂದು ಎಂದಳು. ಎಷ್ಟು ಕಿವಿ ಎಂದರು. ಒಂದೇ, ನಮ್ಮ ಟೈಪಿಸ್ಟಮ್ಮನದು, ಎಂದಳು.

ಸಂಪಾದಕರು ಮುಚ್ಚಳವನ್ನು ಕೆಳಗಿಟ್ಟರು. “ಹನ್ನೊಂದು ಬಾಯಿ ಆಡಿದ್ದು ಒಂದೇ ಕಿವಿಗೆ ಬಿತ್ತು, ಇನ್ಯಾರಿಗೂ ಬೀಳ್ಲಿಲ್ಲ. ನಂಗ್ಯಾಕೋ ಸರಿ ಕಾಣ್ತಿಲ್ಲ ಗೆರೆಯಕ್ಕ. ರಿಜಿಸ್ಟರ್ ನೋಡ್ಕೊಂಡು ಬನ್ನಿ.”

ಟೈಪಿಸ್ಟಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಗೆರೆಯಕ್ಕನ ಪಕ್ಕದ ಮೇಜು ಅವಳದಾಗಿತ್ತು. ಭಾರಿ ಮೈಯವಳು, ಮಂಡಿನೋವಿನವಳು. ಬೆಳಿಗ್ಗೆ ಕುಳಿತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಐದು ಚೀಟಿಗಾಗಿ ಉಳಿದವರು ಬಸ್ಸು, ಅಂಗಡಿ, ಆಸ್ಪತ್ರೆಯ ಸಾಲು ಎಂದು ಕಿವಿ ಚಾಚಿಕೊಂಡು ಅಲೆದರೆ, ಅವಳು ಮಾತ್ರ ಇದ್ದಲ್ಲೇ ಐದನ್ನೂ ಮುಗಿಸುತ್ತಿದ್ದಳು. ಹೇಗೆಂದು ಕೇಳಿದರೆ, ಇಲ್ಲಿ ಕಿವಿಗೂ ಸಂಬಳ ಕೊಡ್ತಾರಲ್ಲ, ಅದಕ್ಕೂ ಒಂದಿಷ್ಟು ದುಡಿಮೆ ಬೇಡವೇ ಎಂದು ನಗುತ್ತಿದ್ದಳು.

ರಿಜಿಸ್ಟರುಗಳಿದ್ದದ್ದು ನೆಲಮಾಳಿಗೆಯ ಕಬ್ಬಿಣದ ಬೀರುವಿನಲ್ಲಿ. ಹಳೆಯ ಕಾಗದದ ವಾಸನೆ, ಒಂದು ಬಲ್ಬು, ಒಂದು ಕಾಲು ಗಿಡ್ಡವಾದ ಸ್ಟೂಲು. ಗೆರೆಯಕ್ಕ ಮೊದಲ ವರ್ಷದ ಪುಸ್ತಕ ತೆರೆದು ಬೆರಳು ಓಡಿಸಿದಳು. ಸಂಖ್ಯೆ ಹತ್ತೊಂಬತ್ತು: ಹೆಂಗಸು, ಮೂವತ್ತಮೂರು, ಕಚೇರಿ ಕೆಲಸ, ಗಂಡ ಇಲ್ಲ, ಒಬ್ಬಳು ಮಗಳು, ಫೋನಿನಲ್ಲಿ. ಎರಡನೆಯ ವರ್ಷ, ಸಂಖ್ಯೆ ನಾಲ್ಕು: ಹೆಂಗಸು, ಮೂವತ್ತನಾಲ್ಕು, ಕಚೇರಿ ಕೆಲಸ, ಗಂಡ ಇಲ್ಲ, ಒಬ್ಬಳು ಮಗಳು, ಫೋನಿನಲ್ಲಿ. ಪಾಪ, ಇನ್ನೊಬ್ಬಳು ಎಂದುಕೊಂಡಳು. ಮೂರನೆಯ ವರ್ಷ, ಸಂಖ್ಯೆ ಇಪ್ಪತ್ತಾರು: ಹೆಂಗಸು, ಮೂವತ್ತೈದು.

ಬೆರಳು ಅಲ್ಲೇ ನಿಂತಿತು.

ಉಳಿದ ಎಂಟು ಪುಸ್ತಕಗಳನ್ನು ಆಕೆ ತೆರೆದದ್ದು ಏನು ಸಿಗುತ್ತದೆಂದು ತಿಳಿದೇ. ಮೂವತ್ತಾರು. ಮೂವತ್ತೇಳು. ಸಂಖ್ಯೆ ಬದಲಾಗುತ್ತಿತ್ತು, ವಯಸ್ಸು ವರ್ಷಕ್ಕೊಂದರಂತೆ ಮೆಟ್ಟಿಲು ಹತ್ತುತ್ತಿತ್ತು, ಉಳಿದದ್ದು ಅಕ್ಷರ ಬಿಡದೆ ಹಾಗೇ ಇತ್ತು. ನಲವತ್ತಮೂರಕ್ಕೆ ನಿಂತಿತು. ಗೆರೆಯಕ್ಕನಿಗೆ ನಲವತ್ತನಾಲ್ಕಾದ ವರ್ಷ ಆಕೆಯ ಮಗಳು ಹತ್ತೊಂಬತ್ತಕ್ಕೆ ಬಿದ್ದು, ಬೇರೆ ಕೋಣೆ ಹಿಡಿದು ಮನೆ ಬಿಟ್ಟಿದ್ದಳು. ಮಹಡಿಗೆ ಇದ್ದದ್ದು ಒಂದೇ ಫೋನು, ಅದಿದ್ದದ್ದು ಟೈಪಿಸ್ಟಮ್ಮನ ಮೇಜಿನ ಮೇಲೆ. ಮಗಳು ಶಾಲೆಯಿಂದ ಬಂದು ಖಾಲಿ ಮನೆಯ ಬೀಗ ತೆಗೆಯುವುದು ನಾಲ್ಕೂವರೆಗೆ. ಒಂಟಿ ಮಗು ಹೆದರಬಾರದೆಂದು, ತನ್ನ ದನಿಯಾದರೂ ಆ ಹೊತ್ತಿಗೆ ಮನೆಯಲ್ಲಿರಲಿ ಎಂದು, ಗೆರೆಯಕ್ಕ ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ನಾಲ್ಕೂವರೆಗೆ ಆ ಮೇಜಿನ ಪಕ್ಕ ನಿಂತು ಫೋನು ಮಾಡಿದ್ದಳು. ಅದಕ್ಕಾಗಿ ತನ್ನನ್ನು ತಾನು ಒಳ್ಳೆಯ ತಾಯಿ ಎಂದುಕೊಂಡಿದ್ದಳು.

ಸ್ಟೂಲಿನ ಮೇಲೆ ಕುಳಿತು ಚೀಟಿಗಳನ್ನು ಮತ್ತೆ ಓದಿದಳು. ಸೋಮವಾರ ಓದಿದ್ದ ಅವೇ ಅಚ್ಚಿನ ಅಕ್ಷರಗಳಿಗೆ ಈಗ ದನಿ ಬಂದಿತ್ತು. ಮೊದಮೊದಲ ಚೀಟಿಗಳಲ್ಲಿ ಸಂದರ್ಭದ ಜಾಗ ತುಂಬಿತ್ತು: ಶೂಸು ಬಾಗಿಲಲ್ಲೇ ಬಿಟ್ಟಿದ್ದಕ್ಕೆ, ಹಾಲು ಚೆಲ್ಲಿದ್ದಕ್ಕೆ, ಪುಸ್ತಕಕ್ಕೆ ಹೊದಿಕೆ ಹಾಕದ್ದಕ್ಕೆ. ಆಮೇಲಿನವುಗಳಲ್ಲಿ ಟೈಪಿಸ್ಟಮ್ಮ ಬರೆದಿದ್ದಳು: ಕಾರಣ ತಿಳಿಯಲಿಲ್ಲ. ಮತ್ತೆ, ಕಾರಣ ತಿಳಿಯಲಿಲ್ಲ. ‘ನಿಮ್ಮಪ್ಪ ಹೀಗಿರ್ಲಿಲ್ಲ, ನೀನ್ಯಾರ ಹಾಗೆ ಮೆಸ್ಸಿ ಆದ್ಯೋ’ ಎಂಬ ಚೀಟಿಗೂ ಕಾರಣ ತಿಳಿದಿರಲಿಲ್ಲ. ದನಿಯ ಜಾಗದಲ್ಲಿ ‘ಸಿಟ್ಟು’ ಇದ್ದದ್ದು ಆರೋ ಏಳೋ ಚೀಟಿಯಲ್ಲಿ. ಉಳಿದ ಎಲ್ಲದರಲ್ಲೂ ಒಂದೇ ಪದ: ‘ಸಾಮಾನ್ಯ’. ಸಿಟ್ಟಿನಲ್ಲಿ ಬಾಯಿ ಜಾರಿತು ಎಂದು ಹೇಳಿಕೊಳ್ಳುವ ದಾರಿಯನ್ನೂ ಆ ಪದ ಮುಚ್ಚಿಬಿಟ್ಟಿತು. ನಲವತ್ತೊಂದನೆಯ ಚೀಟಿಯ ಹಿಂದೆ, ಕಚೇರಿಯ ಯಾವ ನಿಯಮದಲ್ಲೂ ಇಲ್ಲದಂತೆ, ಪೆನ್ಸಿಲಿನಲ್ಲಿ ಒಂದು ಸಾಲಿತ್ತು: ಈ ಅರ್ಥಕ್ಕೆ ಇನ್ನು ಚೀಟಿ ಬರೆಯಲಾರೆ.

ಅಷ್ಟು ವರ್ಷ ತನ್ನ ಪಕ್ಕದಲ್ಲಿ ಕುಳಿತು ಬಟ್ಟಲು ಚಹಾ ಹಂಚಿಕೊಂಡವಳು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೇ ಎಂದು ಗೆರೆಯಕ್ಕ ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಹೆದರಿ ಬೀರುವಿನ ಬಾಗಿಲು ಹಾಕಿದಳು.

ಶುಕ್ರವಾರ ಬೆಳಿಗ್ಗೆ ಸಂಪಾದಕರ ಬಳಿ ಹೋಗಿ, ಹನ್ನೊಂದಲ್ಲ ಸರ್, ಒಂದೇ ಬಾಯಿ ಎಂದಳು. ಯಾರದೆಂದು ಕೇಳುವ ಹಕ್ಕು ಸಂಪಾದಕರಿಗೂ ಇರಲಿಲ್ಲ. ಅವರು ಕೇಳಲೂ ಇಲ್ಲ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಕೆಯ ಬಾಯಿಂದ ತಾನಾಗಿ ಬಂತು: “ನಂದು.”

ಸಂಪಾದಕರು ಫ್ಲಾಸ್ಕಿಗೆ ಮುಚ್ಚಳ ತಿರುಗಿಸಿ ಹಾಕಿದರು. ಆಮೇಲೆ, ಆಕೆಯನ್ನು ಪಾರುಮಾಡುವ ದಾರಿ ಇದೊಂದೇ ಎಂಬಂತೆ ಕೆಲಸದ ಮಾತಿಗೆ ಹೊರಳಿದರು. “ಹಾಗಾದ್ರೆ ಐದನೇದು ನಿಲ್ಲಲ್ಲ. ಮೂರು ಬಾಯಿ ಇಲ್ಲ ಅಂದ್ಮೇಲೆ ಭಾಷೇಲಿ ಆ ಅರ್ಥವೇ ಇಲ್ಲ ಅಂತ.”

ಸಮಾಧಾನಕ್ಕೆಂದು ಆಡಿದ ಆ ಮಾತು ನಿನ್ನೆಯ ಹನ್ನೊಂದು ರಿಜಿಸ್ಟರಿಗಿಂತ ಆಳಕ್ಕೆ ಇಳಿಯಿತು. ಊರಿನ ಅಮ್ಮಂದಿರೆಲ್ಲ ಹೀಗೆಯೇ ಆಡುವವರೆಂದಾಗಿದ್ದರೆ ತಾನೂ ಆ ಸಂತೆಯಲ್ಲೊಬ್ಬಳಾಗಿ ಬದುಕಿಕೊಳ್ಳುತ್ತಿದ್ದಳು. ಈಗ ನೋಡಿದರೆ, ಇಷ್ಟು ದೊಡ್ಡ ಭಾಷೆಯಲ್ಲಿ ಎಲ್ಲೂ ಇಲ್ಲದ ಒಂದು ಅರ್ಥ ಒಂದೇ ಒಂದು ಮನೆಯಲ್ಲಿ ಇತ್ತು. ಅದನ್ನು ಹುಟ್ಟಿಸಿದವಳು ತಾನು. ಕಲಿತವಳು ಒಬ್ಬಳೇ ಒಬ್ಬಳು, ಎಂಟು ವರ್ಷದವಳು.

ಭಾನುವಾರ ಆಕೆ ಮಗಳ ಮನೆಗೆ ಹೋಗಬೇಕಿತ್ತು. ಮಗಳು ಇದೇ ಊರಿನ ಇನ್ನೊಂದು ಅಂಚಿನಲ್ಲಿ ಮನೆ ಹಿಡಿದು ನಾಲ್ಕು ವರ್ಷವಾದರೂ ಆಕೆ ಅದರ ಹೊಸಿಲು ಕಂಡಿರಲಿಲ್ಲ. ಮಗಳೇ ತಿಂಗಳಿಗೊಮ್ಮೆ ಬಂದು, ಅರ್ಧ ಗಂಟೆ ಕುಳಿತು, ಲೋಟವನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದಳು. ನಾನೇ ಬರಲೇ ಎಂದಾಗಲೆಲ್ಲ ಒಂದೇ ಉತ್ತರ: ಮನೆ ಇನ್ನೂ ಸರಿಯಾಗಿಲ್ಲ ಅಮ್ಮ, ಇನ್ನೊಂದು ವಾರ ಹೋಗಲಿ. ಅವಳ ಮನೆ ಎಂದಾದರೂ ಸರಿಯಾದೀತೇ ಎಂದು ಗೆರೆಯಕ್ಕ ಒಳಗೊಳಗೇ ಮೂಗು ಮುರಿಯುತ್ತಿದ್ದಳು. ಮೊನ್ನೆಯಷ್ಟೇ, ಹೇಗೋ ಏನೋ, ಈ ಭಾನುವಾರ ಬಾ ಎಂದಿದ್ದಳು. ಈಗ ಬಸ್ಸಿನಲ್ಲಿ ಕುಳಿತಾಗ ಆಕೆಗಿದ್ದ ದಿಗಿಲು ಒಂದೇ: ಕರೆದವಳು ಇನ್ನೊಮ್ಮೆ ಕರೆಯುವಳೇ? ಕೈಚೀಲದಲ್ಲಿ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದು ಕಚೇರಿಯಿಂದ ಹೊರತಂದ ನಲವತ್ತೊಂದು ಚೀಟಿಗಳಿದ್ದವು.

ಬಾಗಿಲು ತೆರೆದಾಗ ಗೆರೆಯಕ್ಕ ಗರ ಬಡಿದವಳಂತೆ ನಿಂತಳು. ಮನೆ ಕನ್ನಡಿಯಂತಿತ್ತು. ಕಪಾಟಿನ ಲೋಟಗಳ ಹಿಡಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದ್ದವು. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಚಿಗೆ ಅಂಚು ಕೂಡಿಸಿಟ್ಟಿತ್ತು. ತನ್ನ ಮನೆಯಲ್ಲೂ ಇಷ್ಟಿರಲಿಲ್ಲ. ಮಗಳ ಕೈಬೆರಳುಗಳ ಚರ್ಮ ಸೋಪಿಗೆ ಸುಲಿದುಹೋಗಿತ್ತು. ಮಾತನಾಡುತ್ತಲೇ ಅವಳು ಮೇಜಿನ ಮೇಲಿಲ್ಲದ ಧೂಳನ್ನು ಅಂಗೈಯಿಂದ ಸವರುತ್ತಿದ್ದಳು. ಅಮ್ಮ ಲೋಟ ಕೆಳಗಿಟ್ಟ ಕ್ಷಣ ಅದನ್ನು ತೋರುಬೆರಳಿನಿಂದ ಮೆಲ್ಲನೆ ಗೆರೆಗೆ ತಳ್ಳಿದಳು. ನಾಲ್ಕು ವರ್ಷ ಈ ಮನೆ ಇವಳಿಗೆ ಸರಿಯಾಗಿಲ್ಲವೆನಿಸಿದ್ದು ಏಕೆಂದು ಗೆರೆಯಕ್ಕನಿಗೆ ಆಗ ಹೊಳೆಯಿತು. ಒಂದು ಕೋಣೆಯ ಬಾಗಿಲು ಮಾತ್ರ ಮುಚ್ಚಿತ್ತು.

ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಹೇಗೆ ಸಿಕ್ಕಿದವೆಂಬುದನ್ನು ಆಕೆ ತಡವರಿಸುತ್ತ ಹೇಳಿದಳು. ಮಗಳು ಒಂದೊಂದನ್ನೇ ಓದಿ, ಓದಿದ್ದನ್ನು ಸರಿಯಾಗಿ ಒಂದರ ಮೇಲೊಂದು ಪೇರಿಸಿದಳು. “ನಲವತ್ತೊಂದೇನಾ? ಟೈಪಿಸ್ಟ್ ಆಂಟಿ ಸುಮಾರು ರಜ ಹಾಕಿದಾರೆ ಅನ್ಸತ್ತೆ.” ನಗಲೋ ಬೇಡವೋ ತಿಳಿಯದೆ ಗೆರೆಯಕ್ಕ ಅವಳ ಮುಖ ನೋಡಿದಳು. ಇದು ತನಗೆ ಅಷ್ಟೇನೂ ನೋವು ಮಾಡಿದ್ದಲ್ಲ, ಗಡಿಯಾರ ನಾಲ್ಕೂವರೆ ಹೊಡೆದಂತೆ ಕೇಳಿಸುತ್ತಿತ್ತು, ಹೊಡೆದಾದ ಮೇಲೆ ತಿಂಡಿಗೆ ಕೂರುತ್ತಿದ್ದೆ ಎಂದಳು ಮಗಳು. ನೆನಪಿರುವುದು ಬೇರೆಯೇ ಒಂದು ದಿನ. ಅಂದು ನೀನು ಬೈಯಲೇ ಇಲ್ಲ ಎಂದಳು.

ಯಾವ ದಿನವೆಂದು ಗೆರೆಯಕ್ಕನಿಗೆ ತಕ್ಷಣ ತಿಳಿಯಿತು. ಅದನ್ನು ಆಕೆಯೂ ಮರೆತಿರಲಿಲ್ಲ. ಮಗಳಿಗೆ ಹತ್ತು ವರ್ಷ. ಕಚೇರಿಯಿಂದ ಬಂದು ನೋಡಿದರೆ ಅವಳ ಕೋಣೆಯ ನೆಲದ ತುಂಬ ಕಾಗದದ ಚೂರು, ಕಾಲಿಡಲು ಜಾಗವಿಲ್ಲ. ಹುಡುಗಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅಂದು ಗೆರೆಯಕ್ಕ ಹಲ್ಲುಕಚ್ಚಿ, ಒಂದು ಮಾತೂ ಆಡದೆ, ಎಲ್ಲವನ್ನೂ ಗುಡಿಸಿ ಕಸಕ್ಕೆ ಸುರಿದು, ಕೋಣೆಯನ್ನು ಲಕಲಕ ಹೊಳೆಯಿಸಿದ್ದಳು. ತಾಳ್ಮೆ ಕಳೆದುಕೊಳ್ಳದ ಒಂದು ಒಳ್ಳೆಯ ದಿನವೆಂದು ಅದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದಳು.

“ಅದು ಮೆಸ್ಸಿ ಆಗಿರ್ಲಿಲ್ಲಮ್ಮ,” ಎಂದಳು ಮಗಳು. “ಅದು ಚೀಟಿ. ನೀನು ಮಾಡೋ ಹಾಗೆ ನಾನೂ ಮಾಡ್ತಿದ್ದೆ. ನೀನು ಆಡಿದ್ದನ್ನೆಲ್ಲ ಬರ್ಕೊಂಡು ದನಿ ಪ್ರಕಾರ ಜೋಡಿಸಿದ್ದೆ. ಸಿಟ್ಟಲ್ಲಿ ಹೇಳಿದ್ದು ಮಂಚದ ಕೆಳಗೆ. ಸುಮ್ನೆ ಹೇಳಿದ್ದು ನಡುವೆ. ನಗ್ತಾ ಹೇಳಿದ್ದು ಕಿಟಕಿ ಹತ್ರ, ಬೆಳಕಲ್ಲಿ. ಹನ್ನೆರಡು ಇತ್ತು ಕಿಟಕಿ ಹತ್ರ. ಸಾಯಂಕಾಲ ನಿಂಗೆ ತೋರಿಸ್ಬೇಕು ಅಂತ ಇದ್ದೆ.”

ಆ ಹನ್ನೆರಡರಲ್ಲಿ ಏನು ಬರೆದಿತ್ತು ಎಂದು ಗೆರೆಯಕ್ಕ ಕೇಳಿದಳು. ಒಂದೂ ನೆನಪಿಲ್ಲ ಎಂದಳು ಮಗಳು. ಹನ್ನೆರಡು ಅನ್ನುವುದಷ್ಟೇ ನೆನಪು. ಚೀಟಿ ಇದೆಯಲ್ಲ, ಮರೆತರೂ ಪರವಾಗಿಲ್ಲ ಎಂದುಕೊಂಡಿದ್ದೆ ಎಂದಳು.

ಆಮೇಲೆ ಅವಳೇ ಎದ್ದು, ಮುಚ್ಚಿದ ಕೋಣೆಯ ಬಾಗಿಲು ತೆರೆದಳು. ಹೊಲಿಯುವವರಿಗೆ ಬಟ್ಟೆಯ ಅಳತೆಯ ಕಾಗದ ಕತ್ತರಿಸಿಕೊಡುವುದು ಅವಳ ಕೆಲಸ. ಅದು ಗೆರೆಯಕ್ಕನಿಗೆ ಗೊತ್ತಿತ್ತು, ಕಂಡಿರಲಿಲ್ಲ. ಗೋಡೆಯಿಂದ ಗೋಡೆಗೆ ನೆಲದ ತುಂಬ ಕಾಗದ: ಬಾಗಿದವು, ಚೂಪಾದವು, ತೋಳಿನಂಥವು, ಎಲೆಯಂಥವು, ಒಂದರ ಮೇಲೊಂದು ಬಿದ್ದವು, ಹರಿದು ಅಂಟಿಸಿದವು. ಕುರ್ಚಿಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಎಲ್ಲೆಲ್ಲೂ.

ನೋಡಿದ ಕ್ಷಣಕ್ಕೆ ಗೆರೆಯಕ್ಕನ ನಾಲಿಗೆಯ ತುದಿಗೆ ಆ ಪದ ಬಂದುಬಿಟ್ಟಿತು. ರಿಜಿಸ್ಟರು ನೋಡಿಯಾದ ಮೇಲೆ, ಕಿಟಕಿಯ ಹತ್ತಿರದ ಹನ್ನೆರಡನ್ನು ಕೇಳಿಯಾದ ಮೇಲೆ, ಹಳೆಯ ಚಾಳಿಯಂತೆ ತಾನಾಗಿ ಎದ್ದು ಬಂದು ಹಲ್ಲಿನ ಹಿಂದೆ ನಿಂತಿತು. ಈ ವಾರ ಕಂಡದ್ದೆಲ್ಲಕ್ಕಿಂತ ಹೆಚ್ಚು ಆಕೆ ಬೆಚ್ಚಿದ್ದು ಇದಕ್ಕೆ. ಮಗಳು ಬಾಗಿಲ ಚೌಕಟ್ಟು ಹಿಡಿದು, ಕಾಗದಗಳನ್ನಲ್ಲ, ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

ಗೆರೆಯಕ್ಕ ತುಟಿ ಬಿಗಿಹಿಡಿದು ಅದನ್ನು ನುಂಗಿದಳು. ಆಮೇಲೆ ಹೊಸ ಭಾಷೆಯ ಮೊದಲ ವಾಕ್ಯವನ್ನು ಕೂಡಿಸುವವರಂತೆ ನಿಧಾನಕ್ಕೆ ಕೇಳಿದಳು: “ಇದರಲ್ಲಿ ಯಾವುದು ಯಾವುದರ ಜೊತೆಗೆ?”

ಒಳಗೆ ಹೋಗಲು ಆಕೆ ಕಾಲೆತ್ತಿದಾಗ ಮಗಳು ಕೈಯಡ್ಡ ಹಿಡಿದಳು. “ಒಳಗೆ ಬೇಡ. ಅಲ್ಲೇ ನಿಂತ್ಕೊ, ಹೇಳ್ತೀನಿ,” ಎಂದು ತಾನೊಬ್ಬಳೇ, ನೋಡಿದವರಿಗೆ ಕಾಣದ ಸಂದುಗಳಲ್ಲಿ ಹೆಜ್ಜೆಯಿಡುತ್ತ, ಒಂದು ಕಾಗದವನ್ನೂ ಮೆಟ್ಟದೆ ಕಿಟಕಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು. ಅಲ್ಲಿಂದ ಶುರುಮಾಡಿದಳು.

ಗೆರೆಯಕ್ಕ ಹೊಸಿಲಿನ ಮೇಲೆ ನಿಂತು ಕೇಳಿದಳು. ಮಂಡಿ ನೋಯುತ್ತಿತ್ತು. ನಡುವೆ ಇನ್ನೆರಡು ಸಲ ಆ ಪದ ಬಾಯಿಗೆ ಬಂತು.